ಮನೆತನದ ಹಳೆಯ ಬೆಳ್ಳಿ, ಪಿಂಗಾಣಿ ಮತ್ತು ಅಲಂಕಾರಿಕ ಗೃಹವಸ್ತುಗಳ ಸಂಗ್ರಹ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅನೇಕ ಮನೆತನಗಳಲ್ಲಿ ಹಿರಿಯರ ಕಾಲದ ಬೆಳ್ಳಿಯ ತಾಟು, ತಂಬಿಗೆ, ಪನ್ನೀರುದಾನಿ, ಅತ್ತರದಾನಿ, ಲಿಂಗದ ಕರಡಿಗೆ, ಜಗಲಿಯ ದೇವರ ಮುಖವಾಡ, ಬಿದರಿಯ ಪಾನದಾನ, ಪಿಂಗಾಣಿ ಬಟ್ಟಲು, ಕೆತ್ತನೆಯ ಬಾಗಿಲು ಮುಂತಾದ ವಸ್ತುಗಳು ಇಂದಿಗೂ ಉಳಿದುಬಂದಿವೆ. ಹಳೆಯ ವಾಡೆಗಳನ್ನು ಕೆಡವುವಾಗ, ಆಸ್ತಿ ಹಂಚಿಕೆಯ ಸಂದರ್ಭದಲ್ಲಿ ಅಥವಾ ಹಣದ ಅಡಚಣೆ ಉಂಟಾದಾಗ ಇವುಗಳನ್ನು ಕೇವಲ ತೂಕದ ಲೆಕ್ಕದಲ್ಲಿ ಮಾರಾಟ ಮಾಡಲಾಗುತ್ತದೆ. ಒಮ್ಮೆ ಕರಗಿಸಿದ ಪಾತ್ರೆಯ ಮೇಲಿನ ಹೆಸರು, ವರ್ಷ ಮತ್ತು ಕೆಲಸಗಾರಿಕೆಯನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಇನ್ನೊಂದೆಡೆ, ಕಾನೂನಿನ ಅರಿವಿಲ್ಲದೆ ಇಂತಹ ವಸ್ತುಗಳನ್ನು ಕೊಳ್ಳುವವರು ಹಾಗೂ ವಿದೇಶಕ್ಕೆ ಒಯ್ಯುವವರು ತೊಂದರೆಗೆ ಒಳಗಾಗುವ ಸಂಭವವಿರುತ್ತದೆ.

ಆದುದರಿಂದ ಇಂತಹ ವಸ್ತುಗಳ ಮಾಲೀಕರು, ಸಂಗ್ರಹಕಾರರು ಮತ್ತು ನೋಂದಣಿ ಅಥವಾ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವವರ ಅನುಕೂಲಕ್ಕಾಗಿ ಅಗತ್ಯ ಮಾಹಿತಿಯನ್ನು ಕೆಳಗೆ ಒದಗಿಸಲಾಗಿದೆ. ಜೇವರ್ಗಿಯಿಂದ ಬೇರ್ಪಟ್ಟು ರಚನೆಯಾಗಿರುವ ಯಡ್ರಾಮಿ ತಾಲ್ಲೂಕಿನ ಗ್ರಾಮಗಳ ಸಾರ್ವಜನಿಕರಿಗೂ ಈ ಮಾಹಿತಿ ಅನ್ವಯಿಸುತ್ತದೆ.

2. ಈ ಭಾಗದಲ್ಲಿ ಇಂತಹ ವಸ್ತುಗಳು ದೊರೆಯಲು ಕಾರಣಗಳು

ಸದರಿ ತಾಲ್ಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದಿನ ನಿಜಾಮ ಸಂಸ್ಥಾನಕ್ಕೆ ಸೇರಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನಗೊಂಡವು. ಇದರಿಂದಾಗಿ ಹೈದರಾಬಾದಿನ ದರ್ಬಾರಿ ರೂಢಿಯ ಪಾನದಾನ, ಉಗುಳುದಾನಿ, ಸುರಾಹಿ, ಗುಲಾಬದಾನಿಗಳು ಇಲ್ಲಿನ ದೇಸಾಯಿ, ದೇಶಮುಖ, ಜಹಗೀರುದಾರ ಹಾಗೂ ವರ್ತಕ ಮನೆತನಗಳಿಗೆ ಬಂದವು. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವುದರಿಂದ ಅಕ್ಕಲಕೋಟೆ ಮತ್ತು ಸೊಲ್ಲಾಪುರದ ಸರಾಫರೊಂದಿಗೆ ಹಿಂದಿನಿಂದಲೂ ವ್ಯವಹಾರವಿದೆ. ಮುಂಬಯಿಯಿಂದ ಕಲಬುರಗಿಯ ಮಾರ್ಗವಾಗಿ ರಾಯಚೂರಿಗೆ ಹೋಗುವ ರೈಲು ಮಾರ್ಗವು 1871ರಲ್ಲಿ ಪೂರ್ಣಗೊಂಡ ನಂತರ ಇಂಗ್ಲೆಂಡ್, ಜರ್ಮನಿ ಮತ್ತು ಜಪಾನ್ ದೇಶಗಳ ಪಿಂಗಾಣಿ, ಗಾಜು ಹಾಗೂ ಎನಾಮೆಲ್ ಸಾಮಾನುಗಳು ಒಳನಾಡಿನ ಪೇಟೆಗಳಿಗೆ ಬರುವುದು ಸುಲಭವಾಯಿತು.

ನೆರೆಯ ಬೀದರ್ ನಗರದ ಬಿದರಿ ಕಲೆಯು ಬಹಮನಿ ಸುಲ್ತಾನರ ಕಾಲದಿಂದ ಬೆಳೆದುಬಂದಿದೆ. 1347ರಲ್ಲಿ ಸ್ಥಾಪನೆಯಾದ ಈ ರಾಜ್ಯದ ರಾಜಧಾನಿಯು 15ನೇ ಶತಮಾನದ ಮೊದಲ ಭಾಗದಲ್ಲಿ ಕಲಬುರಗಿಯಿಂದ ಬೀದರ್‌ಗೆ ಸ್ಥಳಾಂತರಗೊಂಡಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಬಿದರಿ ವಸ್ತುಗಳನ್ನು ಪ್ರದರ್ಶಿಸಲಾಗಿತ್ತು. 2006ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಬೀದರ್‌ನ ಬಿದರಿ ಕಲಾವಿದರಾದ ಶ್ರೀ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿದೆ.

3. "ಪುರಾತನ ವಸ್ತು" ಎಂದರೆ ಯಾವುದು?

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972 ಎಂಬ ಕೇಂದ್ರ ಕಾನೂನು 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಈ ಅಧಿನಿಯಮದ ಪ್ರಕಾರ ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರುವ ಕೆಳಕಂಡ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ:

(ಅ) ನಾಣ್ಯ, ಶಿಲ್ಪ, ವರ್ಣಚಿತ್ರ, ಶಾಸನ ಅಥವಾ ಇತರ ಯಾವುದೇ ಕಲಾಕೃತಿ ಇಲ್ಲವೆ ಕುಶಲ ಕೆಲಸದ ವಸ್ತು;
(ಆ) ಕಟ್ಟಡದಿಂದ ಅಥವಾ ಗುಹೆಯಿಂದ ಬೇರ್ಪಡಿಸಿದ ವಸ್ತು;
(ಇ) ಗತಕಾಲದ ವಿಜ್ಞಾನ, ಕಲೆ, ಕಸುಬು, ಸಾಹಿತ್ಯ, ಧರ್ಮ, ಆಚಾರ, ನೀತಿ ಅಥವಾ ರಾಜಕೀಯವನ್ನು ತೋರಿಸುವ ವಸ್ತು;
(ಈ) ಐತಿಹಾಸಿಕ ಮಹತ್ವವುಳ್ಳ ವಸ್ತು.

ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವಿರುವ ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಅವಧಿ 75 ವರ್ಷಗಳಾಗಿರುತ್ತದೆ.

ನೂರು ವರ್ಷಗಳ ಮಿತಿಯು ಒಂದೇ ವರ್ಷಕ್ಕೆ ನಿಂತ ಗಡಿಯಲ್ಲ. 1930ರಲ್ಲಿ ತಯಾರಾದ ಬೆಳ್ಳಿಯ ಬಟ್ಟಲು 2030ರಲ್ಲಿ ಈ ಮಿತಿಯನ್ನು ತಲುಪುತ್ತದೆ. ಆದುದರಿಂದ ಅಜ್ಜಿಯ ಮದುವೆಯಲ್ಲಿ ಬಂದ ಪಾತ್ರೆಗಳ ಕಾಲವನ್ನು ಈಗಲೇ ಗುರುತಿಸಿ ಬರೆದಿಡುವುದು ಉಪಯುಕ್ತ. ಒಂದು ವಸ್ತುವು ಪುರಾತನವೇ ಅಲ್ಲವೇ ಎಂಬ ವಿವಾದ ಉಂಟಾದಲ್ಲಿ ಅದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರಿಗೆ ಅಥವಾ ಅವರು ಅಧಿಕಾರ ನೀಡಿದ ಅಧಿಕಾರಿಗೆ ಒಪ್ಪಿಸಲಾಗುತ್ತದೆ. ಅವರ ತೀರ್ಮಾನವೇ ಅಂತಿಮವಾಗಿರುತ್ತದೆ.

4. ನೋಂದಣಿ ಯಾವುದಕ್ಕೆ ಕಡ್ಡಾಯ?

ಪುರಾತನ ವಸ್ತುಗಳೆಲ್ಲವನ್ನೂ ನೋಂದಾಯಿಸಬೇಕೆಂಬ ನಿಯಮವಿಲ್ಲ. ಅಧಿನಿಯಮದ ಕಲಂ 14ರ ಅಡಿಯಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ವರ್ಗಗಳಿಗೆ ಮಾತ್ರ ನೋಂದಣಿ ಕಡ್ಡಾಯ. ಅವುಗಳಲ್ಲಿ ಮುಖ್ಯವಾದವು: ಕಲ್ಲು, ಸುಟ್ಟ ಮಣ್ಣು, ಲೋಹ, ದಂತ ಮತ್ತು ಮೂಳೆಯ ಶಿಲ್ಪಗಳು, ಕಾಗದ, ಮರ, ಬಟ್ಟೆ, ಚರ್ಮ, ರೇಷ್ಮೆ ಮೊದಲಾದವುಗಳ ಮೇಲಿನ ವರ್ಣಚಿತ್ರಗಳು, ಚಿತ್ರಗಳಿರುವ ಹಸ್ತಪ್ರತಿಗಳು, ಮತ್ತು ಮೂರ್ತಿರೂಪದ ಮರದ ಕೆತ್ತನೆಗಳು.

ಇದರ ಪರಿಣಾಮವನ್ನು ಕೆಳಕಂಡ ಉದಾಹರಣೆಗಳಿಂದ ತಿಳಿಯಬಹುದು.

(ಅ) ಮೂರ್ತಿಯಿಲ್ಲದ ಸಾದಾ ಬೆಳ್ಳಿಯ ತಾಟು, ತಂಬಿಗೆ, ಪಿಂಗಾಣಿ ತಟ್ಟೆ: ನೂರು ವರ್ಷ ಮೀರಿದ್ದರೂ ಸಾಮಾನ್ಯವಾಗಿ ನೋಂದಣಿಯ ವರ್ಗಕ್ಕೆ ಬರುವುದಿಲ್ಲ. ಆದರೆ ಕುಶಲ ಕೆಲಸದ ವಸ್ತುವಾಗಿ ಅದು ಪುರಾತನ ವಸ್ತುವೇ ಆಗಿರುವುದರಿಂದ ರಫ್ತಿನ ನಿಷೇಧ ಅದಕ್ಕೂ ಅನ್ವಯಿಸುತ್ತದೆ.

(ಆ) ನೂರು ವರ್ಷ ಮೀರಿದ ಕಂಚಿನ ವಿಗ್ರಹ, ದೇವರ ಬೆಳ್ಳಿ ಮೂರ್ತಿ ಅಥವಾ ಲೋಹದ ಮುಖವಾಡ: ಲೋಹಶಿಲ್ಪದ ವರ್ಗಕ್ಕೆ ಬರುವುದರಿಂದ ನೋಂದಣಿಯ ಬಗ್ಗೆ ವಿಚಾರಿಸುವುದು ಅಗತ್ಯ.

(ಇ) ಕೆಡವಿದ ವಾಡೆಯ ಬಾಗಿಲು ಚೌಕಟ್ಟಿನಲ್ಲಿ ದೇವತೆ, ಮನುಷ್ಯ ಅಥವಾ ಪ್ರಾಣಿಗಳ ಮೂರ್ತಿಗಳಿದ್ದಲ್ಲಿ: ಮರದ ಕೆತ್ತನೆಯ ವರ್ಗಕ್ಕೆ ಬರಬಹುದು. ಕೇವಲ ಬಳ್ಳಿ, ಹೂವಿನ ಕೆತ್ತನೆಯಿದ್ದರೂ ಕಟ್ಟಡದಿಂದ ಬೇರ್ಪಡಿಸಿದ ವಸ್ತುವಾಗಿ ಅದು ಪುರಾತನ ವಸ್ತುವಾಗುತ್ತದೆ.

5. ನೋಂದಣಿಯಿಂದ ಮಾಲೀಕತ್ವ ಹೋಗುವುದಿಲ್ಲ

ನೋಂದಾಯಿಸಿದರೆ ಸರ್ಕಾರ ವಸ್ತುವನ್ನು ಒಯ್ಯುತ್ತದೆ ಎಂಬ ಭಯದಿಂದ ಅನೇಕರು ಹಳೆಯ ವಿಗ್ರಹಗಳನ್ನು ಬಚ್ಚಿಡುತ್ತಾರೆ ಅಥವಾ ಗುಟ್ಟಾಗಿ ಮಾರುತ್ತಾರೆ. ಈ ಭಯ ಸರಿಯಲ್ಲ. ನೋಂದಣಿ ಎಂಬುದು ವಸ್ತುವಿನ ಗುರುತು, ಸ್ಥಿತಿ ಮತ್ತು ಅದು ಯಾರ ವಶದಲ್ಲಿದೆ ಎಂಬುದರ ದಾಖಲೆ ಮಾತ್ರ. ವಸ್ತು ಮಾಲೀಕರ ಮನೆಯಲ್ಲಿಯೇ ಇರುತ್ತದೆ, ಪೂಜೆಯೂ ಎಂದಿನಂತೆ ನಡೆಯುತ್ತದೆ. ಭಾರತದೊಳಗೆ ದಾನ, ಮಾರಾಟ ಅಥವಾ ವಾರಸಾ ಮೂಲಕ ವರ್ಗಾಯಿಸಲು ಅವಕಾಶವಿದ್ದು, ಮಾಲೀಕತ್ವ ಬದಲಾದಾಗ ಕಲಂ 17ರಂತೆ ನೋಂದಣಾಧಿಕಾರಿಗೆ ತಿಳಿಸಬೇಕು. ಸಾರ್ವಜನಿಕ ಸ್ಥಳದಲ್ಲಿ ಸಂರಕ್ಷಿಸಬೇಕಾದ ವಸ್ತುವನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಕಲಂ 19ರಲ್ಲಿ ಇದೆಯಾದರೂ, ಅಂತಹ ಸಂದರ್ಭದಲ್ಲಿ ಮಾಲೀಕರಿಗೆ ಪರಿಹಾರ ನೀಡಬೇಕಾಗುತ್ತದೆ.

ನೋಂದಣಿಯ ದೊಡ್ಡ ಪ್ರಯೋಜನ ಕಳವಿನ ಸಂದರ್ಭದಲ್ಲಿ ಕಂಡುಬರುತ್ತದೆ. ಭಾವಚಿತ್ರ ಮತ್ತು ಅಳತೆ ದಾಖಲಾಗಿರುವ ವಿಗ್ರಹ ದೇಶದ ಯಾವ ಮೂಲೆಯಲ್ಲಿ ಅಥವಾ ಹೊರದೇಶದಲ್ಲಿ ಸಿಕ್ಕರೂ ಅದು ತಮ್ಮದೆಂದು ಸಾಬೀತುಪಡಿಸಲು ಸಾಧ್ಯ. ದಾಖಲೆಯಿಲ್ಲದ ವಿಗ್ರಹದ ಬಗ್ಗೆ ಮನೆಯವರ ಬಾಯಿಮಾತು ಮಾತ್ರ ಉಳಿಯುತ್ತದೆ. ಸಾಂಸ್ಕೃತಿಕ ಸ್ವತ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋದ 1970ರ ಒಪ್ಪಂದವನ್ನು ಭಾರತ 1977ರಲ್ಲಿ ಅನುಮೋದಿಸಿದ್ದು, ಹೊರದೇಶದಿಂದ ವಸ್ತುಗಳನ್ನು ಮರಳಿ ಕೇಳಲು ಇಂತಹ ದಾಖಲೆಗಳು ಆಧಾರವಾಗುತ್ತವೆ.

6. ಅರ್ಜಿಯೊಂದಿಗೆ ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸುವ ಮೊದಲು ಅರ್ಜಿದಾರರು ಕೆಳಕಂಡ ವಿವರಗಳನ್ನು ಸಿದ್ಧಪಡಿಸಿಕೊಂಡಲ್ಲಿ ವಿಳಂಬ ತಪ್ಪುತ್ತದೆ:

(1) ವಸ್ತುವಿನ ಹೆಸರು, ಲೋಹ ಅಥವಾ ಇತರ ದ್ರವ್ಯ;
(2) ಎತ್ತರ, ಅಗಲ, ಆಳ ಸೆಂಟಿಮೀಟರಿನಲ್ಲಿ ಹಾಗೂ ತೂಕ ಗ್ರಾಮಿನಲ್ಲಿ;
(3) ಮುಂಭಾಗ, ಹಿಂಭಾಗ, ತಳಭಾಗದ ಸ್ಪಷ್ಟ ಭಾವಚಿತ್ರಗಳು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದವು;
(4) ಬಿರುಕು, ಮುರಿತ, ಬೆಸುಗೆ, ದುರಸ್ತಿಯ ಗುರುತುಗಳು;
(5) ಕೆತ್ತಿದ ಹೆಸರು, ವರ್ಷ, ಮುದ್ರೆಗಳ ನಕಲು;
(6) ವಸ್ತು ಬಂದ ಬಗೆ: ವಾರಸಾ, ಖರೀದಿ, ಕಾಣಿಕೆ ಅಥವಾ ಹಂಚಿಕೆ;
(7) ಲಭ್ಯವಿದ್ದಲ್ಲಿ ರಸೀದಿ, ಹಂಚಿಕೆ ಪತ್ರ, ಹಳೆಯ ವಹಿಯ ಪುಟ, ಮದುವೆಯ ಹಳೆಯ ಭಾವಚಿತ್ರ.

ನಮೂನೆ ಮತ್ತು ಮಾರ್ಗದರ್ಶನಕ್ಕಾಗಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ಅಥವಾ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಸಂಪರ್ಕಿಸಬಹುದು. ನೋಂದಣಿಯ ವರ್ಗಕ್ಕೆ ಬರುವ ವಸ್ತುವನ್ನು ಹೊಸದಾಗಿ ಪಡೆದವರು ತಡಮಾಡದೆ ಅರ್ಜಿ ಸಲ್ಲಿಸತಕ್ಕದ್ದು.

7. ವಸ್ತುವಿನ ಕಾಲವನ್ನು ಗುರುತಿಸುವ ವಿಧಾನ

ಕಲಬುರಗಿ ಭಾಗದ ಪಾತ್ರೆಗಳ ಮೇಲೆ ಕನ್ನಡ, ಮರಾಠಿ ಹಾಗೂ ಉರ್ದು ಅಕ್ಷರಗಳಲ್ಲಿ ಹೆಸರು ಕೆತ್ತಿಸುವ ರೂಢಿಯಿತ್ತು. ವರ್ಷವನ್ನು ಕೆತ್ತಿದ್ದರೆ ಅದು ಯಾವ ಗಣನೆಯದೆಂದು ಮೊದಲು ತಿಳಿಯಬೇಕು.

ಶಾಲಿವಾಹನ ಶಕೆ: 78 ಕೂಡಿಸಬೇಕು. ಶಕೆ 1832 ಎಂದರೆ ಸುಮಾರು 1910.
ಫಸಲಿ: ನಿಜಾಮ ಸಂಸ್ಥಾನದ ಕಂದಾಯ ವರ್ಷ. 590 ಅಥವಾ 591 ಕೂಡಿಸಬೇಕು. ಫಸಲಿ 1320 ಎಂದರೆ 1910-11.
ಹಿಜರಿ: ಚಾಂದ್ರಮಾನದ ವರ್ಷವಾದುದರಿಂದ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು. ಹಿಜರಿ 1330 ಎಂದರೆ ಸುಮಾರು 1912.

ಈ ಮೂರನ್ನು ಒಂದಕ್ಕೊಂದು ಬದಲಾಗಿ ತಿಳಿದರೆ ಲೆಕ್ಕ ತಪ್ಪುತ್ತದೆ. 1320 ಎಂಬ ಅಂಕಿ ಫಸಲಿಯಾದರೆ 1910-11, ಹಿಜರಿಯಾದರೆ 1902-03 ಆಗುತ್ತದೆ. ನೂರು ವರ್ಷಗಳ ಮಿತಿಯ ಹತ್ತಿರವಿರುವ ವಸ್ತುಗಳಲ್ಲಿ ಇಂತಹ ವ್ಯತ್ಯಾಸ ನಿರ್ಣಾಯಕವಾಗಬಹುದು. ಕೆತ್ತಿದ ಹೆಸರು ಪಾತ್ರೆ ತಯಾರಾದ ಎಷ್ಟೋ ವರ್ಷಗಳ ನಂತರದ್ದೂ ಆಗಿರಬಹುದೆಂಬುದನ್ನು ಗಮನದಲ್ಲಿಡಬೇಕು.

8. ಬೆಳ್ಳಿಯ ಪರಿಶೀಲನೆ

ಹಳೆಯ ವಹಿಗಳಲ್ಲಿ ತೂಕವನ್ನು ತೊಲೆಯಲ್ಲಿ ಬರೆದಿರುತ್ತಾರೆ. ಒಂದು ತೊಲೆ 11.66 ಗ್ರಾಂ, ಆದ್ದರಿಂದ 60 ತೊಲೆಯ ತಾಟು ಸುಮಾರು 700 ಗ್ರಾಂ ಇರಬೇಕು. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ತೂಕವೂ ಒಂದು ತೊಲೆಯೇ ಆಗಿದ್ದು, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇಕಡ 91.7 ಇತ್ತು, 1940ರಿಂದ ಅದನ್ನು ಶೇಕಡ 50ಕ್ಕೆ ಇಳಿಸಲಾಯಿತು. ನಿಜಾಮ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿಯಲ್ಲಿ ಬೆಳ್ಳಿ ಸುಮಾರು ಶೇಕಡ 82 ಮಾತ್ರ ಇತ್ತು. ಆದುದರಿಂದ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಪಾತ್ರೆಗಳ ಶುದ್ಧತೆ ಒಂದೇ ಸಮನಾಗಿರುವುದಿಲ್ಲ.

"ಜರ್ಮನ್ ಸಿಲ್ವರ್" ಎಂದು ಕರೆಯುವ ಲೋಹದಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ತಳದಲ್ಲಿ ಇ.ಪಿ.ಎನ್.ಎಸ್. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಇದೇ ಲೋಹದ ಮೇಲೆ ಬೆಳ್ಳಿಯ ಲೇಪವಿರುವ ಪಾತ್ರೆ. ಇಂಗ್ಲೆಂಡಿನ ಶೇಕಡ 92.5 ಶುದ್ಧತೆಯ ಸ್ಟರ್ಲಿಂಗ್ ಬೆಳ್ಳಿಯ ಮೇಲೆ ನಡೆಯುತ್ತಿರುವ ಸಿಂಹದ ಮುದ್ರೆಯೂ, ಪರೀಕ್ಷಾ ಕೇಂದ್ರದ ಗುರುತೂ (ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು), ವರ್ಷ ಸೂಚಿಸುವ ಅಕ್ಷರವೂ ಇರುತ್ತವೆ. ನಮ್ಮ ಪತ್ತಾರರು ಮಾಡಿದ ಹಳೆಯ ಪಾತ್ರೆಗಳಲ್ಲಿ ಇಂತಹ ಮುದ್ರೆಗಳು ಇರುವುದಿಲ್ಲ. ಅವು ಇಲ್ಲವೆಂಬ ಕಾರಣಕ್ಕೆ ವಸ್ತುವನ್ನು ಕೀಳೆಂದು ಭಾವಿಸಬಾರದು. ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಪದ್ಧತಿ ಆರಂಭವಾದದ್ದು 2005ರಲ್ಲಿ. ಆದುದರಿಂದ ಮೂಲತಃ ಭಾರತೀಯ ಹಾಲ್‌ಮಾರ್ಕ್‌ನೊಂದಿಗೆ ಮಾರಾಟವಾದ ಪಾತ್ರೆ ಪುರಾತನವಾಗಿರಲು ಸಾಧ್ಯವಿಲ್ಲ.

ಪಾತ್ರೆಗೆ ಹಾನಿಯಾಗದಂತೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಎಂದರೆ ಸಾಂದ್ರತೆಯ ಪರೀಕ್ಷೆ. ಪಾತ್ರೆಯನ್ನು ತೂಗಿ, ಅಂಚಿನವರೆಗೆ ನೀರು ತುಂಬಿದ ಇನ್ನೊಂದು ಪಾತ್ರೆಯಲ್ಲಿ ಪೂರ್ಣವಾಗಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಬೇಕು. ತೂಕವನ್ನು ನೀರಿನ ಪ್ರಮಾಣದಿಂದ ಭಾಗಿಸಬೇಕು. 414 ಗ್ರಾಂ ತೂಗುವ ಲೋಟ 40 ಮಿಲಿಲೀಟರ್ ನೀರು ಚೆಲ್ಲಿದರೆ ಉತ್ತರ 10.35, ಇದು ಸ್ಟರ್ಲಿಂಗ್ ಬೆಳ್ಳಿಗೆ ಸಮೀಪ. ಅಷ್ಟೇ ನೀರು ಚೆಲ್ಲುವ ಲೋಟ 348 ಗ್ರಾಂ ಮಾತ್ರ ತೂಗಿದರೆ ಉತ್ತರ 8.7, ಇದು ಜರ್ಮನ್ ಸಿಲ್ವರ್‌ಗೆ ಸಮೀಪ. ಶುದ್ಧ ಬೆಳ್ಳಿಯ ಸಾಂದ್ರತೆ 10.49. ಒಳಗೆ ಅರಗು ತುಂಬಿದ, ಮರದ ಹಿಡಿಯಿರುವ ಅಥವಾ ಗಾಳಿ ಉಳಿಯುವ ಪೊಳ್ಳು ವಸ್ತುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಂಗಡಿಯಲ್ಲಿ ಪಾತ್ರೆಯನ್ನು ಉಜ್ಜಿ ಅಥವಾ ಕತ್ತರಿಸಿ ಪರೀಕ್ಷಿಸಲು ಮುಂದಾದರೆ, ಕೆತ್ತನೆಯ ಭಾಗವನ್ನು ಮುಟ್ಟದಂತೆ ಮೊದಲೇ ತಿಳಿಸಬೇಕು.

9. ಪಿಂಗಾಣಿಯ ಪರಿಶೀಲನೆ

ಉಪ್ಪಿನಕಾಯಿಯ ದಪ್ಪ ಭರಣಿಗಳನ್ನೂ ಜನರು ಪಿಂಗಾಣಿ ಎಂದೇ ಕರೆಯುತ್ತಾರೆ. ಆದರೆ ನಿಜವಾದ ಪಿಂಗಾಣಿ ತೆಳುವಾಗಿದ್ದು, ದೀಪಕ್ಕೆ ಹಿಡಿದಾಗ ಬೆಳಕು ಹಾಯ್ದು ಬೆರಳಿನ ನೆರಳು ಕಾಣಿಸುತ್ತದೆ. ಬೆರಳಿನಿಂದ ಮೆಲ್ಲನೆ ತಟ್ಟಿದರೆ ಗಂಟೆಯಂತಹ ನಾದ ಬರುತ್ತದೆ; ಬಿರುಕಿದ್ದರೆ ಒಡಕು ಧ್ವನಿ ಬರುತ್ತದೆ.

ತಳದ ಮುದ್ರೆಯಿಂದ ಕಾಲವನ್ನು ಅಂದಾಜು ಮಾಡಬಹುದು. ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ ಸುಂಕದ ಕಾನೂನು 1891ರಿಂದ ವಿಧಿಸಿದ್ದರಿಂದ, "ಇಂಗ್ಲೆಂಡ್" ಎಂಬಂತಹ ದೇಶದ ಹೆಸರಿರುವ ವಸ್ತುಗಳು ಬಹುತೇಕ ಆ ನಂತರದವು. ಜಪಾನಿನ ವಸ್ತುಗಳಲ್ಲಿ "ನಿಪ್ಪಾನ್" ಎಂಬ ಮುದ್ರೆ ಹೆಚ್ಚಾಗಿ 1891ರಿಂದ 1921ರ ನಡುವಿನದು. ಇಂಗ್ಲೆಂಡಿನ ವಿನ್ಯಾಸ ನೋಂದಣಿ ಸಂಖ್ಯೆಗಳು 1884ರಿಂದ ಆರಂಭವಾದವು. ಚೀನಾದ ಅರಸರ ಹೆಸರಿನ ನೀಲಿ ಮುದ್ರೆಗಳನ್ನು ನಂತರದ ಕಾಲದಲ್ಲಿಯೂ ಬಳಸುತ್ತಿದ್ದುದರಿಂದ ಮುದ್ರೆಯನ್ನೊಂದೇ ನೋಡಿ ಹೆಚ್ಚಿನ ಬೆಲೆ ಕೊಡಬಾರದು.

10. ಬಿದರಿ ವಸ್ತುಗಳು

ಬಿದರಿಯು ಹೆಚ್ಚಿನ ಭಾಗ ಸತು ಹಾಗೂ ಸ್ವಲ್ಪ ತಾಮ್ರ ಬೆರೆತ ಎರಕ. ಅದರ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಎರಕದ ಲೋಹ ಮಾತ್ರ ಕಪ್ಪಾಗಿ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ತಂತಿಯ ಕೆಲಸಕ್ಕೆ ತಾರಕಶಿ ಎಂದೂ, ತಗಡಿನ ಕೆಲಸಕ್ಕೆ ತೆಹನಿಶಾನ್ ಎಂದೂ ಹೆಸರು. ನಿಜವಾದ ಬಿದರಿಯಲ್ಲಿ ಬೆಳ್ಳಿಯು ಲೋಹದೊಳಗೆ ಕೂತಿರುತ್ತದೆ. ಅಗ್ಗದ ನಕಲಿಯಲ್ಲಿ ಕಪ್ಪು ಬಣ್ಣದ ಮೇಲೆ ಬಿಳಿಯ ಲೇಪ ಮಾತ್ರವಿದ್ದು, ಅಂಚುಗಳಲ್ಲಿ ಸವೆದು ಕಾಣುತ್ತದೆ.

11. ಕೊಳ್ಳುವಾಗ ಮತ್ತು ಮಾರುವಾಗ ಪಾಲಿಸಬೇಕಾದ ಕ್ರಮಗಳು

(ಅ) ಪುರಾತನ ವಸ್ತುಗಳ ವ್ಯಾಪಾರ ಮಾಡುವವರು ಕಲಂ 5ರಂತೆ ಪರವಾನಗಿ ಹೊಂದಿರಬೇಕು. ಊರಿಗೆ ಬಂದು ಹಳೆಯ ಸಾಮಾನು ಕೊಳ್ಳುವವರಿಗೆ ವಿಗ್ರಹ, ಕೆತ್ತನೆಯ ಬಾಗಿಲು, ಹಸ್ತಪ್ರತಿಗಳನ್ನು ಕೊಡುವ ಮೊದಲು ಪರವಾನಗಿ ತೋರಿಸುವಂತೆ ಕೇಳಬೇಕು.

(ಆ) ದೇವಸ್ಥಾನ, ಮಠ, ದರ್ಗಾ, ಬಸದಿಗಳ ವಸ್ತುಗಳನ್ನು, ಮೊಹರಂ ಪಂಜಾಗಳನ್ನು ಹಾಗೂ ಊರಿನ ಸಾಮೂಹಿಕ ಸ್ವತ್ತನ್ನು ಒಬ್ಬ ವ್ಯಕ್ತಿ ಮಾರಲು ಅಧಿಕಾರವಿರುವುದಿಲ್ಲ. ಕಳವಿನ ವಸ್ತುವೆಂದು ತಿಳಿದು ಅಥವಾ ನಂಬಲು ಕಾರಣವಿದ್ದೂ ಕೊಂಡವರ ಮೇಲೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 317ರ ಅಡಿ ಕ್ರಮ ಕೈಗೊಳ್ಳಬಹುದಾಗಿದೆ.

(ಇ) ಹೊಲ ಉಳುವಾಗ, ಬುನಾದಿ ತೋಡುವಾಗ ಅಥವಾ ಗೋಡೆ ಕೆಡವುವಾಗ ದೊರೆತ ಹುದುಗಿಟ್ಟ ನಾಣ್ಯ, ಒಡವೆ, ಪಾತ್ರೆಗಳು ಮನೆತನದ ಸಂಗ್ರಹವೆನಿಸುವುದಿಲ್ಲ. ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962ರಂತೆ ಜಿಲ್ಲಾಧಿಕಾರಿಗಳಿಗೆ ಮಾಹಿತಿ ನೀಡುವುದು ಕಡ್ಡಾಯ. ದೊರೆತ ವಸ್ತುವನ್ನು ಹಂಚಿಕೊಳ್ಳುವುದಾಗಲಿ, ತೊಳೆದು ಉಜ್ಜುವುದಾಗಲಿ ಮಾಡಬಾರದು.

(ಈ) ದಂತದ ವಸ್ತು, ಕೃಷ್ಣಮೃಗ ಹಾಗೂ ಜಿಂಕೆಯ ಕೊಂಬು, ಹುಲಿಯ ಚರ್ಮ ಮುಂತಾದವುಗಳಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಅನ್ವಯಿಸುತ್ತದೆ. ಇವು ಎಷ್ಟೇ ಹಳೆಯವಾಗಿದ್ದರೂ ಮಾರಾಟ ಮಾಡುವಂತಿಲ್ಲ. ಇಂತಹ ವಸ್ತು ಮನೆಯಲ್ಲಿದ್ದಲ್ಲಿ ಅರಣ್ಯ ಇಲಾಖೆಯ ಮಾರ್ಗದರ್ಶನ ಪಡೆಯತಕ್ಕದ್ದು.

(ಉ) ಆದಾಯ ತೆರಿಗೆ ಕಾನೂನಿನಂತೆ ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಒಡವೆ, ಪುರಾತತ್ವ ಸಂಗ್ರಹ, ಚಿತ್ರ, ಶಿಲ್ಪ ಹಾಗೂ ಕಲಾಕೃತಿಗಳು ಬಂಡವಾಳ ಸ್ವತ್ತುಗಳಾಗಿದ್ದು, ಅವುಗಳ ಮಾರಾಟದಿಂದ ಬಂದ ಲಾಭ ತೆರಿಗೆಗೆ ಒಳಪಡುತ್ತದೆ. ಆದುದರಿಂದ ಖರೀದಿಯ ರಸೀದಿಯನ್ನು ಹಲವು ವರ್ಷಗಳ ನಂತರವೂ ಕಾಯ್ದಿರಿಸಬೇಕು.

(ಊ) ಅಕ್ಕಿಯನ್ನು ಎಳೆಯುವ ಚೊಂಬು, ಇರಿಡಿಯಂ ಪಾತ್ರೆ ಎಂದು ಹೇಳಿ ಸಾದಾ ತಾಮ್ರದ ಪಾತ್ರೆಯನ್ನು ಲಕ್ಷಾಂತರ ರೂಪಾಯಿಗೆ ಮಾರುವುದು ವಂಚನೆ. ಇಂತಹವರು ಮುಂಗಡ ಕೇಳಿದ ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕು.

12. ಹೊರದೇಶಕ್ಕೆ ಒಯ್ಯುವ ಕುರಿತು

ಪುರಾತನ ವಸ್ತುವನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಗೆ ಮಾತ್ರ ಆ ಅವಕಾಶವಿದೆ. ಉಲ್ಲಂಘನೆಗೆ ಕನಿಷ್ಠ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಅಮೆರಿಕ, ಇಂಗ್ಲೆಂಡ್ ಅಥವಾ ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಮಕ್ಕಳಿಗೆ ಪ್ರೀತಿಯಿಂದ ಕೊಡುವ ಮುತ್ತಜ್ಜಿಯ ಬೆಳ್ಳಿಯ ಆರತಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ವಸ್ತು ನೂರು ವರ್ಷಕ್ಕಿಂತ ಕಡಿಮೆಯದಾಗಿದ್ದು ನೋಡಲು ಹಳೆಯದಾಗಿ ಕಂಡಲ್ಲಿ, ಪ್ರಯಾಣಕ್ಕೆ ಸಾಕಷ್ಟು ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮಕರ.

13. ಸಂರಕ್ಷಣೆ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ರಂಗೋಲಿ ಪುಡಿಗಳಿಂದ ಪ್ರತಿ ಹಬ್ಬಕ್ಕೆ ಉಜ್ಜಿದರೆ ಕೆತ್ತನೆ ಸವೆಯುತ್ತದೆ. ಮೃದುವಾದ ಹತ್ತಿಬಟ್ಟೆ ಮತ್ತು ಸೌಮ್ಯವಾದ ಸಾಬೂನಿನ ನೀರು ಸಾಕು. ರಬ್ಬರ್ ಪಟ್ಟಿ ಮತ್ತು ಉಣ್ಣೆಯ ಬಟ್ಟೆಯಲ್ಲಿ ಗಂಧಕವಿರುವುದರಿಂದ ಅವುಗಳಲ್ಲಿ ಸುತ್ತಿಡಬಾರದು.

ಬಿದರಿಗೆ ಹುಳಿ ಪದಾರ್ಥ ತಾಗಿಸಲೇಬಾರದು. ಕಪ್ಪು ಮೈ ಕಳಚಿಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬೇಕು. ಚಿನ್ನದ ಗೆರೆಯಿರುವ ಪಿಂಗಾಣಿಯನ್ನು ಬಿಸಿನೀರಿನಲ್ಲಿ ತೊಳೆಯಬಾರದು. ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಹಾಸಬೇಕು. ಹಳೆಯ ಮೆರುಗಿನಲ್ಲಿ ಸೀಸದ ಅಂಶವಿರುವ ಸಾಧ್ಯತೆಯಿಂದ, ಅಂತಹ ಪಾತ್ರೆಗಳಲ್ಲಿ ಉಪ್ಪಿನಕಾಯಿ, ಸಾರು ಮುಂತಾದ ಹುಳಿ ಪದಾರ್ಥ ಇಡಬಾರದು.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳಿಗೆ ನುಗ್ಗಿತ್ತು. ನದಿತೀರದವರು ಹಸ್ತಪ್ರತಿ, ಚಿತ್ರ ಹಾಗೂ ಮರದ ವಸ್ತುಗಳನ್ನು ನೆಲಮಟ್ಟದಿಂದ ಎತ್ತರದಲ್ಲಿಡುವುದು ಹಾಗೂ ಭಾವಚಿತ್ರಗಳ ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳಲ್ಲಿ ಇರಿಸುವುದು ಸೂಕ್ತ.

14. ಸಂಗ್ರಹಗಳು ಉಳಿದ ಬಗೆ

ಖಾಸಗಿ ಸಂಗ್ರಹಗಳೇ ಮುಂದೆ ಸಾರ್ವಜನಿಕ ಸಂಪತ್ತಾದ ನಿದರ್ಶನಗಳು ನೆರೆಹೊರೆಯಲ್ಲಿಯೇ ಇವೆ. ಹೈದರಾಬಾದಿನ ಮೀರ್ ಯೂಸುಫ್ ಅಲಿ ಖಾನ್, ಮೂರನೆಯ ಸಾಲಾರ್ ಜಂಗ್ (1889-1949), ಅವರ ಮನೆತನದ ಬೆಳ್ಳಿ, ಪಿಂಗಾಣಿ, ಬಿದರಿ ಮೊದಲಾದ ವಸ್ತುಗಳ ಸಂಗ್ರಹ 1951ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 1961ರಲ್ಲಿ ಸಂಸತ್ತಿನ ಅಧಿನಿಯಮದ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿತು. ಪುಣೆಯ ದಿನಕರ ಕೇಳಕರ (1896-1990) ಅವರು ದೀಪ, ಅಡಕೊತ್ತು, ಪಾತ್ರೆ, ಬಾಗಿಲುಗಳಂತಹ ದಿನಬಳಕೆಯ ವಸ್ತುಗಳನ್ನು ಊರೂರು ಸುತ್ತಿ ಕೂಡಿಹಾಕಿ, ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರ ಪ್ರಯತ್ನದಿಂದ ರಾಮನಗರದ ಬಳಿ ಜಾನಪದ ಲೋಕವು ರೂಪುಗೊಂಡಿತು. ತಮ್ಮ ವಸ್ತುಗಳನ್ನು ನೋಡಿಕೊಳ್ಳಲು ಸಾಧ್ಯವಾಗದ ಮನೆತನಗಳು ಕರಗಿಸುವ ಮೊದಲು ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸಂಪರ್ಕಿಸಿ ವಿಚಾರಿಸಬಹುದು.

15. ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಣದ ತುರ್ತಿನಲ್ಲಿ ಹಳೆಯ ಬೆಳ್ಳಿಯನ್ನು ಮಾರುವುದು ತಪ್ಪೇ?
ಉತ್ತರ: ಸ್ವಂತ ಮನೆಬಳಕೆಯ ಬೆಳ್ಳಿಯನ್ನು ದೇಶದೊಳಗೆ ಮಾರುವುದು ಅಪರಾಧವಲ್ಲ. ಆದರೆ ಮೊದಲು ಭಾವಚಿತ್ರ ತೆಗೆದು, ಅಕ್ಷರಗಳನ್ನು ಓದಿಸಿ, ಕನಿಷ್ಠ ಇಬ್ಬರು ಸರಾಫರಲ್ಲಿ ತೂಕ ಮತ್ತು ಶುದ್ಧತೆ ವಿಚಾರಿಸಿ ರಸೀದಿ ಪಡೆಯಬೇಕು. ಒತ್ತೆಯಿಟ್ಟು ಸಾಲ ಪಡೆದರೆ ವಸ್ತುವನ್ನು ಬಿಡಿಸಿಕೊಳ್ಳುವ ಅವಕಾಶ ಉಳಿಯುತ್ತದೆ.

ಪ್ರಶ್ನೆ: ಹಂಚಿಕೆಯಲ್ಲಿ ಹಳೆಯ ಪಾತ್ರೆಗಳನ್ನು ಹೇಗೆ ಸೇರಿಸಬೇಕು?
ಉತ್ತರ: "ಬೆಳ್ಳಿ ಸಾಮಾನು" ಎಂದಷ್ಟೇ ಬರೆಯದೆ, ಪ್ರತಿ ವಸ್ತುವಿನ ಹೆಸರು, ತೂಕ, ಗುರುತು ಬರೆಯಬೇಕು. ಮದುವೆಯಲ್ಲಿ ತವರಿನಿಂದ ಬಂದ ಪಾತ್ರೆಗಳು ಆ ಸ್ತ್ರೀಯ ಸ್ತ್ರೀಧನವಾಗಿದ್ದು, ಅವಳ ಒಪ್ಪಿಗೆಯಿಲ್ಲದೆ ಹಂಚಲು ಅಥವಾ ಮಾರಲು ಬರುವುದಿಲ್ಲ.

ಪ್ರಶ್ನೆ: ಮನೆಯ ಜಗಲಿಯಲ್ಲಿ ಪೂಜೆಗೊಳ್ಳುವ ಹಳೆಯ ವಿಗ್ರಹವನ್ನು ಕಚೇರಿಗೆ ತರಬೇಕೇ?
ಉತ್ತರ: ಮೊದಲ ವಿಚಾರಣೆಗೆ ವಿಗ್ರಹವನ್ನು ಕದಲಿಸಬೇಕಾಗಿಲ್ಲ. ಭಾವಚಿತ್ರ ಮತ್ತು ಅಳತೆಗಳೊಂದಿಗೆ ಬಂದು ಮಾರ್ಗದರ್ಶನ ಪಡೆಯಬಹುದು.

ಪ್ರಶ್ನೆ: ಹಾಳುಬಿದ್ದ ಗುಡಿಯ ಬಳಿಯ ಕೆತ್ತಿದ ಕಲ್ಲನ್ನು ಮನೆಗೆ ತಂದು ರಕ್ಷಿಸಬಹುದೇ?
ಉತ್ತರ: ತರಬಾರದು. ಸ್ಥಳದಿಂದ ಕದಲಿದ ಕಲ್ಲಿನ ಇತಿಹಾಸ ಅಲ್ಲಿಗೇ ಕಡಿದುಹೋಗುತ್ತದೆ. ಗ್ರಾಮ ಪಂಚಾಯಿತಿ ಅಥವಾ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಬೇಕು.

16. ಸಾರ್ವಜನಿಕರಲ್ಲಿ ಮನವಿ

ಪ್ರತಿ ಮನೆತನವೂ ತನ್ನಲ್ಲಿರುವ ಹಳೆಯ ವಸ್ತುಗಳಿಗಾಗಿ ಒಂದು ವಹಿಯನ್ನು ಇಡತಕ್ಕದ್ದು. ಪ್ರತಿ ವಸ್ತುವಿಗೆ ಒಂದು ಪುಟದಂತೆ ಭಾವಚಿತ್ರ, ಅಳತೆ, ತೂಕ, ಅದರ ಮೇಲಿನ ಬರಹ, ಅದನ್ನು ಮನೆಗೆ ತಂದವರ ಹೆಸರು ಮತ್ತು ಅದರ ಬಳಕೆಯನ್ನು ಬರೆದಿಡಬೇಕು. ಮನೆಯಲ್ಲಿರುವ ಹಿರಿಯರು ಹೇಳುವ ಸಂಗತಿಗಳನ್ನು ಅವರಿರುವಾಗಲೇ ದಾಖಲಿಸಬೇಕು. ತೂಕ ಮತ್ತು ಶುದ್ಧತೆಯನ್ನು ಯಾವ ದಿನವಾದರೂ ಪರೀಕ್ಷಿಸಬಹುದು, ಆದರೆ ಪಾತ್ರೆ ಯಾರ ಮದುವೆಯದು ಎಂಬುದನ್ನು ಅವರ ನಂತರ ಹೇಳುವವರಿರುವುದಿಲ್ಲ. ನೋಂದಣಿಗೆ, ವಿಮೆಗೆ, ಹಂಚಿಕೆಗೆ ಹಾಗೂ ಕಳವಿನ ದೂರಿಗೆ ಈ ವಹಿಯೇ ಮೊದಲ ಆಧಾರವಾಗುತ್ತದೆ.